ಪುನರ್ಪುಳಿ ಸಿಪ್ಪೆಯ ಸಾರ, ಎಚ್‌ಟಿ-29 ಸೆಲ್: ಕಡಿಮೆ ಡೋಸ್‌ನಲ್ಲಿ 131% ಬಂದದ್ದು ಹೇಗೆ?

ಕಡಲತಡಿ_ಬಯೋಟೆಕ್

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಪುನರ್ಪುಳಿ ಹಣ್ಣಿನ ಒಣಸಿಪ್ಪೆಯ (ಮಲೆನಾಡಿನ ಮುರುಗಲು, ಗಾರ್ಸೀನಿಯಾ ಇಂಡಿಕಾ) ಮೆಥನಾಲ್ ಸಾರವನ್ನು ದೊಡ್ಡಕರುಳಿನ ಕ್ಯಾನ್ಸರ್‌ನ ಎಚ್‌ಟಿ-29 ಸೆಲ್‌ಗಳ ಮೇಲೆ ನೋಡುತ್ತಿದ್ದೇನೆ.

ಮಾಡಿದ್ದು ಇಷ್ಟು. ಅಂಗಡಿಯ ಒಣಸಿಪ್ಪೆ 100 ಗ್ರಾಂ ಪುಡಿ ಮಾಡಿ 1 ಲೀಟರ್ ಮೆಥನಾಲ್‌ನಲ್ಲಿ 72 ಗಂಟೆ ನೆನೆಸಿ, ವಾಟ್‌ಮನ್ 1 ಕಾಗದದಲ್ಲಿ ಸೋಸಿ, ರೋಟರಿ ಇವಾಪೊರೇಟರ್‌ನಲ್ಲಿ 60 ಡಿಗ್ರಿಗೆ ಇಂಗಿಸಿದೆ. 31 ಗ್ರಾಂ ಜಿಗುಟು ಪಾಕ ಸಿಕ್ಕಿತು. ಡಿಎಂಎಸ್‌ಒ ದ್ರಾವಕದಲ್ಲಿ ಮಿ.ಲೀ.ಗೆ 20 ಮಿ.ಗ್ರಾಂ ಸ್ಟಾಕ್. 96 ವೆಲ್ ಪ್ಲೇಟಿನಲ್ಲಿ ವೆಲ್‌ಗೆ 20,000 ಸೆಲ್, 24 ಗಂಟೆ ಕೂರಲು ಬಿಟ್ಟು, ಆಮೇಲೆ ಸಾರ ಹಾಕಿ 48 ಗಂಟೆ. ಮಾಧ್ಯಮ ಡಿಎಂಇಎಂ, ಜೊತೆಗೆ 10% ಎಫ್‌ಬಿಎಸ್ (ಕರುವಿನ ಸೀರಂ). ಕೊನೆಗೆ 200 ಮೈಕ್ರೋಲೀಟರ್ ಮಾಧ್ಯಮದ ಮೇಲೆಯೇ 20 ಮೈಕ್ರೋಲೀಟರ್ ಎಂಟಿಟಿ (ಬದುಕಿರುವ ಸೆಲ್ ನೇರಳೆ ಮಾಡುವ ಹಳದಿ ಬಣ್ಣ, ಮಿ.ಲೀ.ಗೆ 5 ಮಿ.ಗ್ರಾಂ), 4 ಗಂಟೆ, ಮಾಧ್ಯಮ ತೆಗೆದು ಡಿಎಂಎಸ್‌ಒ, 570 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ಕಂಟ್ರೋಲ್ ವೆಲ್‌ಗೆ ಬರೀ ಮಾಧ್ಯಮ.

ಬದುಕುಳಿದ ಸೆಲ್ ಲೆಕ್ಕ, ಮಿ.ಲೀ.ಗೆ ಮೈಕ್ರೋಗ್ರಾಂನಲ್ಲಿ: 25ಕ್ಕೆ 112%, 50ಕ್ಕೆ 128%, 100ಕ್ಕೆ 131%, 200ಕ್ಕೆ 64%, 400ಕ್ಕೆ 11%. ಸಾಫ್ಟ್‌ವೇರ್ ಕೊಟ್ಟ ಐಸಿ50 (ಲೆಕ್ಕ ಅರ್ಧಕ್ಕೆ ಇಳಿಯುವ ಡೋಸ್) 226. ಹೋಲಿಕೆಗೆ ಇಟ್ಟ, ಕ್ಯಾನ್ಸರ್‌ನದಲ್ಲದ ಎಲ್929 ಸೆಲ್‌ಗಳಲ್ಲಿ ಅದು 310. ಅಂದರೆ ಸೆಲೆಕ್ಟಿವಿಟಿ ಇಂಡೆಕ್ಸ್ (ಎರಡರ ಅನುಪಾತ) 1.37.

ನೂರು ದಾಟಿದ್ದು ಯಾಕೆ? 400ರಲ್ಲಿ ಸತ್ತದ್ದು ಬರೀ ಹುಳಿಗೆ, ಪಿಎಚ್ ಬಿದ್ದಿರಬೇಕು ಅಂತ ಲ್ಯಾಬಿನಲ್ಲಿ ಹೇಳುತ್ತಾರೆ, ನಿಜವೇ? ಮತ್ತೆ ಈ 226 ಇಟ್ಟುಕೊಂಡು "ಚಿಕಿತ್ಸೆಯ ಸಾಧ್ಯತೆ ಇದೆ" ಅಂತ ಬರೆಯಬಹುದೇ?

---

ಪ್ಲೇಟ್_ರೀಡರ್

ಪಿಎಚ್ ವಿಷಯ ಸಿಪ್ಪೆ ಬಲ್ಲವರು ಹೇಳಲಿ. ನಾನು ಪ್ಲೇಟಿನ ಕಡೆಯಿಂದ ಹೇಳುತ್ತೇನೆ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಪ್ಲೇಟು ಮೂರು ಕಡೆ ಸುಳ್ಳು ಹೇಳಿದೆ.

ಮೊದಲನೆಯದು ಡಿಎಂಎಸ್‌ಒ. 20 ಮಿ.ಗ್ರಾಂ ಸ್ಟಾಕಿನಿಂದ 400 ಮೈಕ್ರೋಗ್ರಾಂ ಮಾಡಬೇಕಾದರೆ ವೆಲ್‌ನಲ್ಲಿ 2% ಡಿಎಂಎಸ್‌ಒ ಕೂತಿದೆ. 200ರಲ್ಲಿ 1%. 0.5% ಮೀರಿದರೆ ಸಾರವೇ ಇಲ್ಲದೆಯೂ ಸೆಲ್ ನರಳುತ್ತದೆ. ನಿಮ್ಮ ಕಂಟ್ರೋಲ್‌ನಲ್ಲಿ ಅದು ಒಂದು ಹನಿಯೂ ಇಲ್ಲ. ಹಾಗಾಗಿ 64 ಮತ್ತು 11ರಲ್ಲಿ ಸಾರದ ಪಾಲೆಷ್ಟು, ದ್ರಾವಕದ ಪಾಲೆಷ್ಟು ಅಂತ ಬಿಡಿಸಲು ಬರುವುದಿಲ್ಲ. ಸ್ಟಾಕನ್ನು ಮಿ.ಲೀ.ಗೆ 200 ಮಿ.ಗ್ರಾಂ ಮಾಡಿ. ಆಗ 400ಕ್ಕೆ 0.2% ಸಾಕು. ಕೆಳಗಿನ ಡೋಸ್‌ಗಳನ್ನು ಡಿಎಂಎಸ್‌ಒದಲ್ಲೇ ತೆಳುಮಾಡಿಕೊಂಡು ಹೋಗಿ, ಪ್ರತಿ ವೆಲ್‌ಗೂ 0.2%ವೇ ಬೀಳಲಿ, ಕಂಟ್ರೋಲ್‌ಗೂ ಅಷ್ಟೇ. ಸ್ಟಾಕ್ ಸೋಸುವುದಾದರೆ ನೈಲಾನ್ ಅಥವಾ ಪಿಟಿಎಫ್‌ಇ ಫಿಲ್ಟರ್ ಬಳಸಿ. ಸೆಲ್ಯುಲೋಸ್ ನೈಟ್ರೇಟ್, ಅಸಿಟೇಟ್ ಫಿಲ್ಟರುಗಳು ಡಿಎಂಎಸ್‌ಒಗೆ ಕರಗಿ ನಿಮ್ಮ ಸ್ಟಾಕಿನೊಳಗೇ ಸೇರುತ್ತವೆ.

ಎರಡನೆಯದು ಸೆಲ್ ಸಂಖ್ಯೆ. ಎಚ್‌ಟಿ-29 ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. 20,000 ಹಾಕಿ 72 ಗಂಟೆ ಬಿಟ್ಟರೆ ಲೆಕ್ಕಕ್ಕೆ 1,60,000 ಆಗಬೇಕು. ಆ ಪುಟ್ಟ ವೆಲ್‌ನ ತಳದಲ್ಲಿ ಆರಾಮಾಗಿ ಕೂರುವುದು 40,000 ಆಸುಪಾಸು. ಕಂಟ್ರೋಲ್ ಸೆಲ್‌ಗಳು ಜಾಗವಿಲ್ಲದೆ ಎರಡನೇ ದಿನವೇ ನಿಂತಿವೆ, ಮಾಧ್ಯಮದ ಸಕ್ಕರೆ ಮುಗಿಸಿ ಸುಸ್ತಾಗಿವೆ. ಸುಸ್ತಾದ ಸೆಲ್ ಎಂಟಿಟಿಯನ್ನು ಸರಿಯಾಗಿ ನೇರಳೆ ಮಾಡುವುದಿಲ್ಲ. 100% ಅಂತ ನೀವು ಹಿಡಿದ ಗೆರೆಯೇ ಕುಗ್ಗಿರುವಾಗ ಪಕ್ಕದ ವೆಲ್ 112, 128 ಕಾಣುವುದು ದೊಡ್ಡದಲ್ಲ. ಕಂಟ್ರೋಲ್ ವೆಲ್ ಕೊನೆಗೆ ಹಳದಿಯಾಗಿತ್ತೇ? ಆಗಿದ್ದರೆ ಇದೇ ಕಾರಣ. 5,000ದಿಂದ ಶುರುಮಾಡಿ. ಅದಕ್ಕೂ ಮೊದಲು 2,500ರಿಂದ 40,000 ವರೆಗೆ ಸೆಲ್ ಹಾಕಿ, ಸಂಖ್ಯೆಗೂ ರೀಡಿಂಗಿಗೂ ಸರಳ ರೇಖೆ ಎಲ್ಲಿಯವರೆಗೆ ಬರುತ್ತದೆ ನೋಡಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಎಂಟಿಟಿ ಹಳದಿಯಿಂದ ನೇರಳೆಗೆ ತಿರುಗಲು ಅದಕ್ಕೆ ಯಾರಾದರೂ ಎಲೆಕ್ಟ್ರಾನ್ ಕೊಡಬೇಕು. ಬದುಕಿರುವ ಸೆಲ್ಲೇ ಕೊಡಬೇಕು ಅಂತೇನಿಲ್ಲ. ಪಾಲಿಫಿನಾಲ್‌ಗಳು, ಆಂಥೋಸಯಾನಿನ್‌ಗಳು ನೇರವಾಗಿ ಕೊಡುತ್ತವೆ. ಸಾರ ಇನ್ನೂ ವೆಲ್‌ನಲ್ಲಿರುವಾಗಲೇ ನೀವು ಎಂಟಿಟಿ ಹಾಕಿದ್ದೀರಿ. ಸೆಲ್ ಇಲ್ಲದ ವೆಲ್‌ನಲ್ಲಿ ಮಾಧ್ಯಮ, ಸಾರ, ಎಂಟಿಟಿ ಮೂರನ್ನೇ ಹಾಕಿ ನೋಡಿ, ಒಂದು ಗಂಟೆಯೊಳಗೆ ಗೊತ್ತಾಗುತ್ತದೆ. ಪ್ರತಿ ಡೋಸ್‌ಗೂ ಇಂಥ ಮೂರು ವೆಲ್ ಇಡಿ. ಸಾರ ಇರುವ ಮಾಧ್ಯಮ ತೆಗೆದು, ಬೆಚ್ಚಗಿನ ಪಿಬಿಎಸ್ ಬಫರಿನಲ್ಲಿ ಎರಡು ಸಲ ಮೆಲ್ಲಗೆ ತೊಳೆದು, ಫೀನಾಲ್ ರೆಡ್ ಇಲ್ಲದ ಮಾಧ್ಯಮದಲ್ಲಿ ಎಂಟಿಟಿ ಕೊಡಿ. ತೊಳೆಯುವಾಗ ಎಚ್ಚರ: ಸಡಿಲವಾದ ಸೆಲ್‌ಗಳು ಎದ್ದು ಹೋದರೆ ಈಗ ಸುಳ್ಳು ಬದುಕು ತೋರಿದ ಪ್ಲೇಟು ಆಗ ಸುಳ್ಳು ಸಾವು ತೋರುತ್ತದೆ.

ಇನ್ನೊಂದು ಸಣ್ಣದು. ಅಂಚಿನ 36 ವೆಲ್‌ಗಳಿಗೆ ಸೆಲ್ ಹಾಕಬೇಡಿ, ಪಿಬಿಎಸ್ ತುಂಬಿಸಿ. ಅಲ್ಲಿ ನೀರು ಬೇಗ ಆರುತ್ತದೆ.

---

ಸಿಪ್ಪೆ_ಬೀಜ_ತುಪ್ಪ

ಹುಳಿಯ ಅಪವಾದವನ್ನು ಲೆಕ್ಕ ಹಾಕಿಯೇ ತೀರಿಸೋಣ. ಈ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್. ನಿಮ್ಮ ಸಾರದಲ್ಲಿ ಅದು 30% ಇದೆ ಅಂತಲೇ ಹಿಡಿಯೋಣ. 400 ಮೈಕ್ರೋಗ್ರಾಂನಲ್ಲಿ 120. ಅಣುತೂಕ 208, ಹಾಗಾದರೆ ಸುಮಾರು 0.58 ಮಿಲಿಮೋಲಾರ್. ಒಂದು ಅಣು ಮೂರು ಪ್ರೋಟಾನ್ ಬಿಟ್ಟರೂ 1.7. ಡಿಎಂಇಎಂನಲ್ಲಿರುವ ಬೈಕಾರ್ಬನೇಟ್ 44 ಮಿಲಿಮೋಲಾರ್. ಇಷ್ಟು ಆಮ್ಲಕ್ಕೆ ಪಿಎಚ್ 0.02ರಷ್ಟು ಅಲುಗಿದರೆ ಹೆಚ್ಚು. ಸೆಲ್ ಇದಕ್ಕೆ ಸಾಯುವುದಿಲ್ಲ. ಬಾಯಿಗೆ ಹುಳಿಯಾದದ್ದೆಲ್ಲ ಬಫರಿಗೆ ಹುಳಿಯಲ್ಲ!

ಸಿಪ್ಪೆಯನ್ನು ಅಂಗಡಿಯಿಂದ ತಂದದ್ದು ಮಾತ್ರ ತಪ್ಪು. ಮಾರುವ ಸಿಪ್ಪೆಯನ್ನು ಹಲವು ಕಡೆ ಉಪ್ಪು ಬೆರೆಸಿದ ಹಣ್ಣಿನ ರಸದಲ್ಲೇ ಮತ್ತೆ ಮತ್ತೆ ಅದ್ದಿ ಒಣಗಿಸಿರುತ್ತಾರೆ. ಅಡುಗೆಗೆ ಅದೇ ಚಂದ. ಮೆಥನಾಲ್‌ಗೆ ಉಪ್ಪೂ ಅಷ್ಟಿಷ್ಟು ಕರಗುತ್ತದೆ, ಸಕ್ಕರೆ ಧಾರಾಳವಾಗಿ ಕರಗುತ್ತದೆ. ಆ ಉಪ್ಪಿನಿಂದ ಸೆಲ್ ಸಾಯುತ್ತದೆ ಅಂತಲ್ಲ, ಡಿಎಂಇಎಂನಲ್ಲೇ ಲೀಟರಿಗೆ 6.4 ಗ್ರಾಂ ಇದೆ. ಸಾಯುವುದು ನಿಮ್ಮ ತೂಕದ ಲೆಕ್ಕ. 100 ಗ್ರಾಂಗೆ 31 ಗ್ರಾಂ ಇಳುವರಿ ಅಂದಾಗಲೇ ಅರ್ಧಕ್ಕಿಂತ ಹೆಚ್ಚು ಸಕ್ಕರೆ, ಆಮ್ಲ, ಉಪ್ಪು ಅಂತ ಅನುಮಾನ ಬರಬೇಕಿತ್ತು. "400 ಮೈಕ್ರೋಗ್ರಾಂ ಸಾರ" ಅನ್ನುವುದರಲ್ಲಿ ಕೆಲಸ ಮಾಡುವ ವಸ್ತು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಗುರುತಿಸಿದ ಮರದಿಂದ ಮಾಗಿದ ಹಣ್ಣು ತನ್ನಿ. ಹೂವೋ ಕಾಯೋ ಇರುವ ರೆಂಬೆಯೊಂದನ್ನು ಒತ್ತಿ ಒಣಗಿಸಿ ಹರ್ಬೇರಿಯಂಗೆ ಕೊಟ್ಟು ವೋಚರ್ ಸಂಖ್ಯೆ ಪಡೆಯಿರಿ, ಇಲ್ಲದಿದ್ದರೆ ಯಾವ ಒಳ್ಳೆಯ ಪತ್ರಿಕೆಯೂ ಮುಟ್ಟುವುದಿಲ್ಲ. ಪಕ್ಕದಲ್ಲೇ ಉಪ್ಪಗೆ ಮರ ಇರುತ್ತದೆ, ಒಣಗಿಸಿ ಪುಡಿ ಮಾಡಿದ ಮೇಲೆ ಅದ್ಯಾವುದು ಇದ್ಯಾವುದು ಅಂತ ದೇವರೇ ಹೇಳಬೇಕು. ಬೀಜ ಪೂರ್ತಿ ತೆಗೆಯಿರಿ, ಒಂದಷ್ಟು ಉಳಿದರೂ ಮುರುಗಲ ತುಪ್ಪದ ಕೊಬ್ಬು ಸಾರಕ್ಕೆ ಬರುತ್ತದೆ. ಸಿಪ್ಪೆಯನ್ನು ನೆರಳಲ್ಲಿ ಅಥವಾ 40 ಡಿಗ್ರಿ ಓವನ್‌ನಲ್ಲಿ, ಮುರಿದರೆ ಚಟ್ಟೆನ್ನುವವರೆಗೆ ಒಣಗಿಸಿ. ರೋಟರಿಯನ್ನೂ 40ಕ್ಕೆ ಇಳಿಸಿ, ವ್ಯಾಕ್ಯೂಮ್ ಹೆಚ್ಚಿಸಿ. ಆಮ್ಲದ ಜೊತೆ 60 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕೂರಿಸುವುದು ಗಾರ್ಸಿನಾಲ್‌ಗೆ ಒಳ್ಳೆಯದಲ್ಲ. ಆಮ್ಲದಲ್ಲಿ ಅದು ಐಸೋಗಾರ್ಸಿನಾಲ್ ಆಗುತ್ತದೆ.

ಗಾರ್ಸಿನಾಲ್ ಅಂದೆ. ಈ ಸಿಪ್ಪೆಯಲ್ಲಿ ನೀವು ಹುಡುಕಬೇಕಾದದ್ದೇ ಅದು. ಹಳದಿ ಬಣ್ಣದ, ಕೊಬ್ಬಿಗೆ ಒಗ್ಗುವ ಬೆಂಜೋಫಿನೋನ್, ಅಣುತೂಕ ಸುಮಾರು 603, ಒಣಸಿಪ್ಪೆಯಲ್ಲಿ 2ರಿಂದ 3% ವರೆಗೆ ಇರುತ್ತದೆ. ಇದು ಪಿ300 ಮತ್ತು ಪಿಸಿಎಎಫ್ ಎಂಬ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸ್‌ಗಳನ್ನು (ಜೀನ್‌ಗಳ ಚಟುವಟಿಕೆ ನಿಯಂತ್ರಿಸುವ ಕಿಣ್ವಗಳನ್ನು) ತಡೆಯುತ್ತದೆ ಅಂತ 2004ರಲ್ಲಿ ತೋರಿಸಿದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಗುಂಪು. ಹಿತ್ತಲ ಗಿಡ ಮದ್ದಲ್ಲ ಅನ್ನುವವರಿಗೆ ಇದನ್ನು ತೋರಿಸಬಹುದು, ಆದರೆ ಮದ್ದಾಯಿತು ಅನ್ನುವವರಿಗೆ ತೋರಿಸುವಂತಿಲ್ಲ.

ಈಗ ನಿಮ್ಮ ಸಂಖ್ಯೆಗೆ ಬನ್ನಿ. ಸಾರದಲ್ಲಿ ಗಾರ್ಸಿನಾಲ್ 2% ಇದ್ದರೆ 226 ಮೈಕ್ರೋಗ್ರಾಂನಲ್ಲಿ 4.5, ಅಂದರೆ ಸುಮಾರು 7.5 ಮೈಕ್ರೋಮೋಲಾರ್. ಶುದ್ಧ ಗಾರ್ಸಿನಾಲ್ ಕರುಳಿನ ಸೆಲ್‌ಗಳನ್ನು ತಡೆಯುವುದೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿ. ಹಾಗಾದರೆ ಉಳಿದ 98% ಬರೀ ಹೊರೆ. ನೂರು ದಾಟಿದ್ದು ಪೂರ್ತಿ ಸುಳ್ಳೇ ಅಂತಲೂ ಹೇಳಲಾರೆ: ಬಹಳ ಕಡಿಮೆ ಸಾಂದ್ರತೆಯಲ್ಲಿ ಗಾರ್ಸಿನಾಲ್ ಕರುಳಿನ ಸೆಲ್ ಬೆಳವಣಿಗೆಯನ್ನು ಹೆಚ್ಚಿಸುತ್ತದೆ, ಅದು ತಾನಾಗಿ ಆಕ್ಸಿಡೀಕರಣವಾಗುವುದರಿಂದ ಹೀಗಾಗುತ್ತದೆ ಅಂತ ವರದಿ ಇದೆ. ಸತ್ತ ಸೆಲ್‌ಗೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಕೈಯಲ್ಲಿ ಎಣಿಸದೆ ಎಂಟಿಟಿ ಒಂದನ್ನೇ ನಂಬಿ ಇದನ್ನು ತೀರ್ಮಾನಿಸಬೇಡಿ.

ಬೇರ್ಪಡಿಸುವುದು ಕಷ್ಟವಲ್ಲ. ಮೆಥನಾಲ್ ಸಾರ 10 ಗ್ರಾಂ, ನೀರು 100 ಮಿ.ಲೀ.ಯಲ್ಲಿ ಕದಡಿ, ಬೇರ್ಪಡಿಸುವ ಆಲಿಕೆಯಲ್ಲಿ ಹೆಕ್ಸೇನ್ 100 ಮಿ.ಲೀ.ಯಂತೆ ಮೂರು ಸಲ, ಆಮೇಲೆ ಈಥೈಲ್ ಅಸಿಟೇಟ್ ಮೂರು ಸಲ. ಜೋರಾಗಿ ಅಲುಗಿಸಿದರೆ ನಡುವೆ ನೊರೆಯ ಪದರ ನಿಲ್ಲುತ್ತದೆ. ಮೆಲ್ಲಗೆ ಉರುಳಿಸಿ, ನಿಂತರೆ ಒಂದು ಚಿಟಿಕೆ ಉಪ್ಪು ಹಾಕಿ. ಕೆಂಪು ಬಣ್ಣ, ಆಮ್ಲ, ಸಕ್ಕರೆ ನೀರಲ್ಲೇ ಉಳಿಯುತ್ತವೆ. ಗಾರ್ಸಿನಾಲ್ ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ ಪಾಲಿಗೆ ಹೋಗುತ್ತದೆ. ಮೂರೂ ಪಾಲನ್ನು ಬೇರೆಬೇರೆಯಾಗಿ ಪರೀಕ್ಷಿಸಿ. ನೀರಿನ ಪಾಲು ಏನೂ ಮಾಡದಿದ್ದರೆ ಅದೂ ಒಂದು ಫಲಿತಾಂಶವೇ.

---

ಕಡಲತಡಿ_ಬಯೋಟೆಕ್

ಸೆಲ್ ಇಲ್ಲದ ವೆಲ್ ಇಟ್ಟು ನೋಡಿದೆ. 100 ಮೈಕ್ರೋಗ್ರಾಂನಲ್ಲೇ ಕಣ್ಣಿಗೆ ಕಾಣುವಷ್ಟು ನೇರಳೆ. ಕಂಟ್ರೋಲ್ ವೆಲ್ ಹಳದಿಯಾಗಿದ್ದೂ ಹೌದು. 400ರ ವೆಲ್‌ನಲ್ಲಿ ಕಂದು ಕಣಗಳು ತಳದಲ್ಲಿ ಕೂತಿವೆ, ಅವು ಸತ್ತ ಸೆಲ್ ಅಂದುಕೊಂಡಿದ್ದೆ.

ಸಾರದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನಮ್ಮಲ್ಲಿ ಇಲ್ಲ, ಪ್ಲೇಟಿನ ಮೇಲೆ ಚುಕ್ಕೆಯಾಗಿ ಬೇರ್ಪಡಿಸುವ ಟಿಎಲ್‌ಸಿ ಇದೆ. ಎಂಟಿಟಿ ಬದಲು ಎಸ್‌ಆರ್‌ಬಿ ಮಾಡಿದರೆ ಈ ತೊಂದರೆ ತಪ್ಪುತ್ತದೆಯೇ? ಪ್ರಾಜೆಕ್ಟ್ ಮುಗಿಯಲು ಆರು ವಾರ ಇದೆ.

---

ಪ್ಲೇಟ್_ರೀಡರ್

ಮುಕ್ಕಾಲು ಭಾಗ ತಪ್ಪುತ್ತದೆ. ಎಸ್‌ಆರ್‌ಬಿ ಪ್ರೋಟೀನಿಗೆ ಅಂಟುವ ಬಣ್ಣ, ಎಲೆಕ್ಟ್ರಾನ್ ವ್ಯವಹಾರ ಇಲ್ಲ. 100 ಮೈಕ್ರೋಲೀಟರ್ ಮಾಧ್ಯಮದ ಮೇಲೆ ತಣ್ಣನೆಯ 50% ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) 25 ಮೈಕ್ರೋಲೀಟರ್ ಮೆಲ್ಲಗೆ ಬಿಡಿ, ಒಟ್ಟು 10% ಆಗುತ್ತದೆ. 4 ಡಿಗ್ರಿಯಲ್ಲಿ ಒಂದು ಗಂಟೆ. ನಲ್ಲಿ ನೀರಲ್ಲಿ ನಾಲ್ಕೈದು ಸಲ ತೊಳೆದು ಗಾಳಿಗೆ ಒಣಗಿಸಿ. 1% ಅಸಿಟಿಕ್ ಆಮ್ಲದಲ್ಲಿ ಕರಗಿಸಿದ 0.4% ಎಸ್‌ಆರ್‌ಬಿ 50 ಮೈಕ್ರೋಲೀಟರ್, 30 ನಿಮಿಷ. 1% ಅಸಿಟಿಕ್ ಆಮ್ಲದಲ್ಲೇ ನಾಲ್ಕು ಸಲ ಬೇಗಬೇಗ ತೊಳೆಯಿರಿ. ನೀರಿನಲ್ಲಿ ತೊಳೆದರೆ ಅಂಟಿದ ಬಣ್ಣವೂ ಬಿಡುತ್ತದೆ. ಒಣಗಿದ ಮೇಲೆ 10 ಮಿಲಿಮೋಲಾರ್ ಟ್ರಿಸ್ ಬೇಸ್, ಪಿಎಚ್ 10.5, 150 ಮೈಕ್ರೋಲೀಟರ್ ಹಾಕಿ ಅಲುಗಿಸಿ 540ರಲ್ಲಿ ಓದಿ. ಸಾರ ಹಾಕುವ ದಿನವೇ ಒಂದು ಪ್ಲೇಟನ್ನು ಟಿಸಿಎ ಹಾಕಿ ನಿಲ್ಲಿಸಿಟ್ಟುಕೊಳ್ಳಿ. ಸೆಲ್ ಸತ್ತಿತೋ, ಬರೀ ಬೆಳೆಯುವುದನ್ನು ನಿಲ್ಲಿಸಿತೋ ಅಂತ ಹೇಳಲು ಆ ಶೂನ್ಯ ಗಂಟೆಯ ರೀಡಿಂಗ್ ಬೇಕು.

ಉಳಿದ ಕಾಲು ಭಾಗ ಆ ಕಂದು ಕಣ. ಅದು ಎಫ್‌ಬಿಎಸ್ ಪ್ರೋಟೀನನ್ನು ಹಿಡಿದು ಕೂತ ಟ್ಯಾನಿನ್ ಆಗಿರಬಹುದು, ನೀರಿಗೆ ಒಗ್ಗದೆ ಉದುರಿದ ಗಾರ್ಸಿನಾಲ್ ಆಗಿರಬಹುದು. ಟ್ಯಾನಿನ್ ಆದರೆ ಜೊತೆಗಿರುವ ಪ್ರೋಟೀನಿಗೂ ಎಸ್‌ಆರ್‌ಬಿ ಅಂಟುತ್ತದೆ. ಇಲ್ಲೂ ಸೆಲ್ ಇಲ್ಲದ ವೆಲ್ ಬೇಕೇ ಬೇಕು. ಸಾರ ಉದುರುವ ಡೋಸ್‌ನಿಂದ ಮೇಲಿನದ್ದನ್ನು ಗ್ರಾಫ್‌ನಿಂದಲೇ ತೆಗೆಯಿರಿ. ಕರಗದೆ ಇದ್ದ ಮೇಲೆ ಅದು ಆ ಡೋಸ್ ಅಲ್ಲ.

ಇನ್ನೊಂದು ಪರೀಕ್ಷೆ, ಒಂದೇ ಪ್ಲೇಟಿನದು: ಅರ್ಧ ವೆಲ್‌ಗಳಿಗೆ ಸಾರದ ಜೊತೆ ಕ್ಯಾಟಲೇಸ್, ಮಿ.ಲೀ.ಗೆ 100 ಯೂನಿಟ್. ಪಾಲಿಫಿನಾಲ್‌ಗಳು ಡಿಎಂಇಎಂನಲ್ಲಿ ತಾವಾಗಿಯೇ ಆಕ್ಸಿಡೀಕರಣವಾಗಿ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತವೆ. ಕ್ಯಾಟಲೇಸ್ ಇದ್ದಾಗ ಸೆಲ್ ಸಾಯದಿದ್ದರೆ, ಕೊಂದದ್ದು ಗಿಡವಲ್ಲ, ಪ್ಲೇಟಿನಲ್ಲಿ ಹುಟ್ಟಿದ ಪೆರಾಕ್ಸೈಡ್.

ಆರು ವಾರದಲ್ಲಿ ಅಪಾಪ್ಟೋಸಿಸ್, ವೆಸ್ಟರ್ನ್ ಬ್ಲಾಟ್ ಅಂತೆಲ್ಲ ಹಾರಬೇಡಿ. ಮೂರು ಪಾಲು, ಎಸ್‌ಆರ್‌ಬಿ, ಕ್ಯಾಟಲೇಸ್, ಬೇರೆಬೇರೆ ದಿನ ಬೇರೆಬೇರೆ ಪ್ಯಾಸೇಜಿನಲ್ಲಿ ಮೂರು ಸಲ. ಒಂದೇ ಪ್ಲೇಟಿನ ಮೂರು ವೆಲ್ ಮೂರು ಪ್ರಯೋಗ ಅಲ್ಲ. ಅದಕ್ಕೂ ಮೊದಲು, ಸೆಲ್‌ಗಳಿಗೆ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಸೋಂಕಿದೆಯೇ ಅಂತ ಪಿಸಿಆರ್.

---

ಕೀಮೋ_ಫಾರ್ಮಸಿ

"ಚಿಕಿತ್ಸೆಯ ಸಾಧ್ಯತೆ" ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬರೆಯಬೇಡಿ. ಕಚ್ಚಾ ಸಾರಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹೆಸರಲ್ಲಿ ಎಲ್ಲರೂ ಬಳಸುವ ಗೆರೆ ಮಿ.ಲೀ.ಗೆ 20ರಿಂದ 30 ಮೈಕ್ರೋಗ್ರಾಂ. ನಿಮ್ಮದು ಅದರ ಏಳೂವರೆಯಿಂದ ಹನ್ನೊಂದು ಪಟ್ಟಿದೆ. 226 ಅಂದರೆ 5 ಲೀಟರ್ ರಕ್ತಕ್ಕೆ 1.13 ಗ್ರಾಂ ಸಾರ ಪೂರ್ತಿ ಕರಗಿ ಓಡಾಡುತ್ತಿರಬೇಕು. ಕರುಳಿನ ಕ್ಯಾನ್ಸರ್ ಅಲ್ಲವೇ, ರಕ್ತಕ್ಕೆ ಹೋಗದಿದ್ದರೂ ಕರುಳೊಳಗೆ ನೇರವಾಗಿ ತಾಗುತ್ತದಲ್ಲ ಅಂತ ಕೇಳಬಹುದು. ವಾದದಲ್ಲಿ ಹುರುಳಿದೆ, ಆದರೆ ದೊಡ್ಡಕರುಳು ಮುಟ್ಟುವ ಹೊತ್ತಿಗೆ ಬ್ಯಾಕ್ಟೀರಿಯಾ ಅದನ್ನು ಏನು ಮಾಡಿರುತ್ತವೆ ಅಂತ ನಿಮ್ಮ ಪ್ರಯೋಗ ಹೇಳುವುದಿಲ್ಲ. ಯಕೃತ್ತಿಗೆ ಹರಡಿದ ಗಡ್ಡೆಗೆ ಆ ವಾದ ನಡೆಯುವುದೂ ಇಲ್ಲ.

ಎಲ್929 ಇಲಿಯ ಫೈಬ್ರೋಬ್ಲಾಸ್ಟ್. ಮನುಷ್ಯನ ಕರುಳಿನ ಸೆಲ್‌ಗೆ ಹೋಲಿಸಲು ಅದು ಸಲ್ಲದು. ಸಿಸಿಡಿ-18ಕೋ ಸಿಕ್ಕರೆ ಪರವಾಗಿಲ್ಲ, ಅದಾದರೂ ಮನುಷ್ಯನ ದೊಡ್ಡಕರುಳಿನದು. ಇಂಡೆಕ್ಸ್ 2 ಕೂಡ ಮುಟ್ಟದಿದ್ದರೆ "ಆಯ್ದು ಕೊಲ್ಲುತ್ತದೆ" ಅನ್ನುವ ಪದ ಬಿಡಿ. ಪಾಸಿಟಿವ್ ಕಂಟ್ರೋಲ್ (ಕೆಲಸ ಮಾಡುತ್ತದೆ ಅಂತ ಗೊತ್ತಿರುವ ಮದ್ದು) ಎಲ್ಲೂ ಕಾಣಲಿಲ್ಲ. ಕೀಮೋ ಮದ್ದು 5-ಎಫ್‌ಯು ಹಾಕಿ. ಐರಿನೋಟೆಕಾನ್ ಹಾಕುವ ಆಸೆ ಬಂದರೆ ತಡೆಯಿರಿ, ಅದು ದೇಹದಲ್ಲಿ ಎಸ್‌ಎನ್-38 ಆದ ಮೇಲೆಯೇ ಅದರ ನಿಜವಾದ ಬಲ. ಪ್ಲೇಟಿಗೆ ಎಸ್‌ಎನ್-38 ಹಾಕಬೇಕು.

ಗಿಡದಿಂದ ಕರುಳಿನ ಕ್ಯಾನ್ಸರ್ ಮದ್ದು ಆದದ್ದಕ್ಕೆ ಐರಿನೋಟೆಕಾನೇ ಸಾಕ್ಷಿ, ಆ ದಾರಿ ಎಷ್ಟು ಉದ್ದ ನೋಡಿ. ಚೀನಾದ ಕ್ಯಾಂಪ್ಟೊಥೆಕಾ ಮರದಿಂದ ವಾಲ್ ಮತ್ತು ವಾನಿ ಕ್ಯಾಂಪ್ಟೊಥೆಸಿನ್ ಪ್ರಕಟಿಸಿದ್ದು 1966ರಲ್ಲಿ. ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲೂ ಅದಿದೆ ಅಂತ 1972ರಲ್ಲೇ ಗೊತ್ತಾಯಿತು. ನೀರಿಗೆ ಕರಗಲೆಂದು ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟರು. ಹಾಗೆ ಮಾಡಿದಾಗ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಳ್ಳುತ್ತದೆ, ಮದ್ದಿನ ಬಲ ಹೋಗುತ್ತದೆ. ಮೂತ್ರಕೋಶದಲ್ಲಿ ಉಂಗುರ ಮತ್ತೆ ಕೂಡಿಕೊಂಡು ರಕ್ತ ಬರಿಸಿತು. 70ರ ದಶಕದಲ್ಲಿ ಪ್ರಯೋಗಗಳು ನಿಂತವು. ಅದು ಡಿಎನ್‌ಎ ಸುರುಳಿಯ ಬಿಗಿ ಸಡಿಲಿಸುವ ಟೋಪೋಐಸೋಮರೇಸ್ 1 ಕಿಣ್ವವನ್ನು ಹಿಡಿಯುತ್ತದೆ ಅಂತ 1985ರಲ್ಲಿ ತಿಳಿದ ಮೇಲೆ ಮತ್ತೆ ಜೀವ ಬಂತು. ಅಮೆರಿಕದಲ್ಲಿ ಕರುಳಿನ ಕ್ಯಾನ್ಸರ್‌ಗೆ ಐರಿನೋಟೆಕಾನ್ ಒಪ್ಪಿಗೆ ಪಡೆದದ್ದು 1996ರಲ್ಲಿ. ಮೂವತ್ತು ವರ್ಷ, ಅದೂ ಕಚ್ಚಾ ಸಾರವಲ್ಲ, ಅಣುವಿನ ರಚನೆ ಬದಲಿಸಿದ ಮೇಲೆ.

---

ಓದುಗ_560

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಐರಿನೋಟೆಕಾನ್ ಸೇರಿರುವ ಫಾಲ್ಫಿರಿ ಕೀಮೋ ನಡೆಯುತ್ತಿರುವವರಿಗೆ ಪುನರ್ಪುಳಿ ಶರಬತ್ತು, ಗಾರ್ಸೀನಿಯಾ ಕ್ಯಾಪ್ಸೂಲ್, ಕಾಳುಮೆಣಸು ಸೇರಿಸಿದ ಅರಿಶಿನದ ಮಾತ್ರೆ ಕೊಡಬಹುದೇ ಸರ್?

---

ಕೀಮೋ_ಫಾರ್ಮಸಿ

ಊಟದ ಸಾರಿಗೆ ಯಾರೂ ಬೇಡ ಅನ್ನುವುದಿಲ್ಲ. ಬಾಯಿ ಹುಣ್ಣಾಗಿದ್ದರೆ ಹುಳಿ ಉರಿಯುತ್ತದೆ, ಅಷ್ಟೇ. ಕ್ಯಾಪ್ಸೂಲ್ ಬೇರೆ ಮಾತು. ತೂಕ ಇಳಿಸಲು ಮಾರುವ ಗಾರ್ಸೀನಿಯಾ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ, ಐರಿನೋಟೆಕಾನನ್ನು ದೇಹದಿಂದ ಹೊರಹಾಕಬೇಕಾದದ್ದೂ ಅದೇ ಯಕೃತ್ತು. ತೂಕ ಉಳಿಸಿಕೊಳ್ಳಬೇಕಾದವರಿಗೆ ತೂಕ ಇಳಿಸುವ ಮಾತ್ರೆ ಯಾಕೆ?

ಅರಿಶಿನ, ಮೆಣಸಿನ ಜೋಡಿಯ ಮೂಲ 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಬಂದ ಅಧ್ಯಯನ. ಕರ್ಕ್ಯುಮಿನ್ 2 ಗ್ರಾಂ ಜೊತೆ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 2000% ಏರಿತು ಅಂತ. ಮಾತ್ರೆ ಡಬ್ಬಿಗಳ ಮೇಲಿರುವ ಸಂಖ್ಯೆ ಅದೇ. ಪೈಪರಿನ್ ಹಾಗೆ ಮಾಡುವುದು ದೇಹ ಮದ್ದನ್ನು ಒಡೆದು ಹೊರಹಾಕುವ ಕೆಲಸವನ್ನು ತಡೆದು. ಅದು ಕರ್ಕ್ಯುಮಿನ್ ಯಾವುದು, ಕೀಮೋ ಮದ್ದು ಯಾವುದು ಅಂತ ಕೇಳಿ ತಡೆಯುವುದಿಲ್ಲ. ಉಲ್ಟಾ ಆಗುವುದೂ ಉಂಟು: ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆ ತೆಗೆದುಕೊಂಡ ಐರಿನೋಟೆಕಾನ್ ರೋಗಿಗಳ ರಕ್ತದಲ್ಲಿ ಎಸ್‌ಎನ್-38 42% ಇಳಿದಿತ್ತು. ಕೀಮೋ ಹಾಕಿಸಿಕೊಂಡೂ ಅರ್ಧ ಹಾಕಿಸಿಕೊಂಡ ಹಾಗೆ.

ಡಬ್ಬಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಕೀಮೋ ಡಾಕ್ಟರಿಗೆ ತೋರಿಸಿ. ಹೆಸರು ಬಾಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ.

---

ಸಿಪ್ಪೆ_ಬೀಜ_ತುಪ್ಪ

@ಕಡಲತಡಿ, ಎಚ್‌ಪಿಎಲ್‌ಸಿ ಇಲ್ಲ ಅಂದಿರಿ. ಟಿಎಲ್‌ಸಿ ಸಾಕು ಶುರುವಿಗೆ. ಸಿಲಿಕಾ ಪ್ಲೇಟು, ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ 7:3ರಿಂದ ಆರಂಭಿಸಿ ಹೊಂದಿಸಿಕೊಳ್ಳಿ, ಪಕ್ಕದಲ್ಲಿ ಗಾರ್ಸಿನಾಲ್ ಸ್ಟ್ಯಾಂಡರ್ಡ್ ಒಂದು ಚುಕ್ಕೆ. ಸ್ಟ್ಯಾಂಡರ್ಡ್ ಇಲ್ಲದೆ "ಇದೇ ಗಾರ್ಸಿನಾಲ್" ಅಂತ ಬರೆಯಬೇಡಿ. ಯಾವ ಪಾಲಿನಲ್ಲಿ ಚುಕ್ಕೆ ದಟ್ಟವೋ ಅದನ್ನು ಒಂದು ಸಲ ಹೊರಗಡೆ ಎಚ್‌ಪಿಎಲ್‌ಸಿಗೆ ಕಳಿಸಿ ಶೇಕಡಾ ತರಿಸಿಕೊಳ್ಳಿ. ಆಮೇಲೆ ಐಸಿ50 ಅನ್ನು ಸಾರದ ತೂಕದಲ್ಲೂ ಗಾರ್ಸಿನಾಲ್ ಮೈಕ್ರೋಮೋಲಾರ್‌ನಲ್ಲೂ ಎರಡು ಕಾಲಂ ಮಾಡಿ ಕೊಡಿ.

ಒಣಗಿದ ಪಾಲುಗಳನ್ನು ಕಂದು ಬಾಟಲಿಯಲ್ಲಿ, ನೈಟ್ರೋಜನ್ ಊದಿ, ಮೈನಸ್ 20ರಲ್ಲಿ ಇಡಿ. ಡಿಎಂಎಸ್‌ಒ ಸ್ಟಾಕನ್ನು 50 ಮೈಕ್ರೋಲೀಟರ್‌ನಂತೆ ಹಂಚಿಟ್ಟು ಒಂದೊಂದನ್ನು ಒಂದೇ ಸಲ ಬಳಸಿ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಸ್ಟಾಕ್ ನೀರು ಹೀರಿರುತ್ತದೆ, ಗಾರ್ಸಿನಾಲ್ ಟ್ಯೂಬಿನ ಗೋಡೆಗೆ ಅಂಟಿ ಕೂತಿರುತ್ತದೆ, ನಾಲ್ಕನೇ ವಾರದ ಐಸಿ50 ಮೊದಲ ವಾರದ್ದಕ್ಕಿಂತ ಯಾಕೆ ಏರಿತು ಅಂತ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.